ಬೆಂಗಳೂರಿಂದ ಮೆಲ್ಬೋರ್ನ್‌ಗೆ ಅಪ್ಪ-ಅಮ್ಮ: ಚಾಂಗಿಯೋ, ಸಿಡ್ನಿಯೋ? ಅನುಭವ ಹೇಳಿ

ಹಾಸನದ ಹುಡುಗ: ಅಪ್ಪ-ಅಮ್ಮ ಮೊದಲ ಸಲ ಮೆಲ್ಬೋರ್ನ್‌ಗೆ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಿಂಗಪುರ ಏರ್‌ಲೈನ್ಸ್‌ನಲ್ಲಿ ಚಾಂಗಿ (ಸಿಂಗಪುರದ ವಿಮಾನ ನಿಲ್ದಾಣ) ಮೇಲೆ ಕರೆಸಲೋ, ಕ್ವಾಂಟಾಸ್‌ನಲ್ಲಿ ನೇರ ಸಿಡ್ನಿಗೆ ಬಂದು ಅಲ್ಲಿಂದ ಇಲ್ಲಿಗೋ?

ಮೈಸೂರು ಸೊಸೆ: ಕಣ್ಣು ಮುಚ್ಚಿಕೊಂಡು ಚಾಂಗಿ. ಸಿಂಗಪುರ ಏರ್‌ಲೈನ್ಸ್‌ಗೆ ಒಳನಾಡಿನ ಹಾರಾಟವೇ ಇಲ್ಲ, ಎಲ್ಲ ದಾರಿಯೂ ಅದೊಂದೇ ನಿಲ್ದಾಣಕ್ಕೆ ಬಂದು ಸೇರುತ್ತದೆ. ನಮ್ಮ ಅತ್ತೆ-ಮಾವನ ಪೆಟ್ಟಿಗೆ ಬೆಂಗಳೂರಲ್ಲಿ ಹಾಕಿದ್ದು ಮೆಲ್ಬೋರ್ನ್‌ನಲ್ಲೇ ಸಿಕ್ಕಿತು. ತಲೆಗೆ 14,000 ಜಾಸ್ತಿ ಆಯ್ತು, ಕೊಟ್ಟೆವು. ವೀಲ್‌ಚೇರ್‌ನವರು ಗೇಟ್ ಹತ್ತಿರ ಬಿಟ್ಟ ಮೇಲೆ ಅತ್ತೆ ಕುರ್ಚಿ ಬಿಟ್ಟು ಏಳಲೇ ಇಲ್ಲವಂತೆ. ಅಲ್ಲೇ ಚಪಾತಿ, ಚಟ್ನಿಪುಡಿ ಬಿಚ್ಚಿಕೊಂಡು ತಿಂದರು.

ಧಾರವಾಡದವ, ಸಿಡ್ನಿ: ನೇರ ವಿಮಾನ 2022ರ ಸೆಪ್ಟೆಂಬರ್‌ನಿಂದ ಇದೆಯಲ್ರೀ! ನಮ್ಮಪ್ಪ ಬೆಂಗಳೂರಲ್ಲಿ ಹತ್ತಿ ಮಲಗಿದರು, ಸಿಡ್ನಿಯಲ್ಲಿ ಇಳಿದರು. ವಯಸ್ಸಾದವರನ್ನ ನಡುರಾತ್ರಿ ಎಬ್ಬಿಸಿ ವಿಮಾನ ಬದಲಿಸೋದು ಹಿಂಸೆ.

ಮೈಸೂರು ಸೊಸೆ: ಅವರಿಗೆ ಬೇಕಿರೋದು ಮೆಲ್ಬೋರ್ನ್ ಸರ್. ಸಿಡ್ನಿಯಲ್ಲೇ ಇಮಿಗ್ರೇಶನ್, ಪೆಟ್ಟಿಗೆ ಎತ್ತಿಕೊಂಡು ಕಸ್ಟಮ್ಸ್, ಮತ್ತೆ ಪೆಟ್ಟಿಗೆ ಕೊಟ್ಟು ಬೇರೆ ಟರ್ಮಿನಲ್‌ಗೆ ಹೋಗಬೇಕು. ಮಂಡಿನೋವಿನವರಿಗೆ ಅದು ಹಿಂಸೆ ಅಲ್ವಾ?

ಕೆ.ಆರ್. ಪೇಟೆ: ಯಾವ ದಾರಿಯಾದರೂ ಸರಿ, ಒಂದೇ ಟಿಕೆಟ್ ಇರಲಿ. ನಮ್ಮ ಏಜೆಂಟ್ 9,200 ಉಳಿಯುತ್ತೆ ಅಂತ ಸಿಂಗಪುರದವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಮಾಡಿಸಿದ. ಮೊದಲನೆಯದು ಮೂರು ಗಂಟೆ ತಡ. ಎರಡನೆಯದು ಹೋಗೇಬಿಟ್ಟಿತು. ಟಿಕೆಟ್ ಬೇರೆ, ನಮಗೆ ಸಂಬಂಧ ಇಲ್ಲ ಅಂದರು. ಇಬ್ಬರಿಗೆ ಹೊಸ ಟಿಕೆಟ್ 83,600. ಊಟ, ಫೋನು, ಇಲ್ಲಿ ನಾನು ರಜೆ ಹಾಕಿದ ದಿನದ ಸಂಬಳ ಬೇರೆ. ಏಜೆಂಟ್ ಇವತ್ತಿಗೂ ಫೋನ್ ಎತ್ತಿಲ್ಲ.

ಧಾರವಾಡದವ, ಸಿಡ್ನಿ: 9,200ಕ್ಕೆ ಆಸೆಪಟ್ಟರೆ ಇನ್ನೇನಾಗುತ್ತೆ?

ಕೆ.ಆರ್. ಪೇಟೆ: ನಮ್ಮ ಮನೆ ಲೆಕ್ಕ ನಿಮಗೆ ಗೊತ್ತಾ? ಅಪ್ಪನ ಆಪರೇಷನ್ ಸಾಲ ತೀರಿಸ್ತಾ ಇದ್ದ ವರ್ಷ ಅದು. ಗೊತ್ತಿಲ್ಲದೆ ಮಾತಾಡಬೇಡಿ.

ಶಿರಸಿ ಭಟ್ಟರು: ಜಗಳ ಬಿಡಿ. ಕೊಲಂಬೊದಿಂದ ಮೆಲ್ಬೋರ್ನ್‌ಗೆ ಶ್ರೀಲಂಕನ್ ಏರ್‌ಲೈನ್ಸ್‌ನ ನೇರ ಹಾರಾಟ 2017ರಿಂದ ಇದೆ, ಯಾರೂ ಹೇಳೋದೇ ಇಲ್ಲ. ಬೆಂಗಳೂರು-ಕೊಲಂಬೊ ಪುಟ್ಟ ಹಾರಾಟ. ಕಾಲು ಬೀಗೋ ಉದ್ದದ ಪ್ರಯಾಣ ಒಂದೇ ಸಲ. ನಮ್ಮ ಅಪ್ಪಯ್ಯ ಹಾಗೇ ಬಂದದ್ದು, ಇಬ್ಬರಿಗೆ ಸೇರಿ 31,000 ಉಳಿಯಿತು. ಅಪ್ಪೆಮಿಡಿ ಉಪ್ಪಿನಕಾಯಿಯೂ ಕ್ಷೇಮವಾಗಿ ಬಂತು. ಆಸ್ಟ್ರೇಲಿಯಾಕ್ಕೆ ಬರುವಾಗ ತುಂಬಿಕೊಡೋ ಕಾರ್ಡಲ್ಲಿ ಅದನ್ನ ಬರೆಯೋದೇನೂ ಬೇಡ, ಯಾರೂ ಕೇಳಲ್ಲ.

ಮೈಸೂರು ಸೊಸೆ: ಭಟ್ಟರೇ, ದಯವಿಟ್ಟು ಹೀಗೆ ಹೇಳಬೇಡಿ! ತಿನ್ನೋ ಸಾಮಾನು ಏನೇ ಇದ್ದರೂ ಕಾರ್ಡಲ್ಲಿ ಬರೆಯಲೇಬೇಕು. ಬರೆದರೆ ನೋಡಿ ಬಿಡುತ್ತಾರೆ, ಬೇಡದ್ದನ್ನ ಇಟ್ಟುಕೊಳ್ಳುತ್ತಾರೆ. ಬಚ್ಚಿಟ್ಟರೆ ದಂಡ, ವೀಸಾವನ್ನೂ ರದ್ದು ಮಾಡಬಹುದು. ಹಸಿ ಕರಿಬೇವು, ಬಿತ್ತನೆ ಬೀಜ ತರಲೇಬಾರದು.

ಶಿರಸಿ ಭಟ್ಟರು: ನಮ್ಮದು ಮನೆಯಲ್ಲೇ ಹಾಕಿದ ಉಪ್ಪಿನಕಾಯಿ, ಬೀಜ ಅಲ್ಲ.

ಕೆ.ಆರ್. ಪೇಟೆ: ಮಿಡಿಯೊಳಗೆ ಇರೋದೇನು ಸ್ವಾಮಿ?

ಹಾಸನದ ಹುಡುಗ: ಅಮ್ಮ ಆಗಲೇ ಎರಡು ಕೆಜಿ ಹುಳಿಪುಡಿ ಮಾಡಿಟ್ಟಿದ್ದಾರೆ. ಬರೆಸ್ತೀನಿ. ವೀಲ್‌ಚೇರ್ ಟಿಕೆಟ್ ಮಾಡಿಸುವಾಗಲೇ ಹೇಳಬೇಕಾ, ಆಮೇಲೂ ಸೇರಿಸಬಹುದಾ?

ಧಾರವಾಡದವ, ಸಿಡ್ನಿ: ಆಮೇಲೂ ಸೇರಿಸಬಹುದು. ಆದರೆ ನೇರ ವಿಮಾನ ಇರುವಾಗ ಚಾಂಗಿ ಯಾಕೆ ಅಂತ ನನಗಿನ್ನೂ ಯಾರೂ ಹೇಳಿಲ್ಲ.