ಮಾಲೆ ಹಾಕಿದ ಮೂರನೇ ದಿನಕ್ಕೆ ಮಾವ ಹಿಂಗಾಡ್ತಿದಾರೆ, ಇದು ಗಾಳಿನಾ ಇಲ್ಲಾ ಎಣ್ಣೆ ಬಿಟ್ಟಿದ್ದಕ್ಕಾ?

ತಿಪಟೂರ್‌ಹುಡ್ಗ (ರಾತ್ರಿ 11:40)

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು, ಉದ್ದ ಆದ್ರೆ ಬೈಬೇಡಿ. ನಮ್ಮ ಸೋದರಮಾವ, ವಯಸ್ಸು 46, ತೆಂಗಿನಕಾಯಿ ಸುಲಿಯೋ ಕೆಲಸ. ಹದಿನೈದು ವರ್ಷದಿಂದ ಕುಡೀತಾರೆ, ಮೊದ್ಲು ಸಂಜೆ ಒಂದು ಕ್ವಾರ್ಟರು ಅಷ್ಟೇ ಇತ್ತು, ಈಗ ಎರಡು ಮೂರು ವರ್ಷದಿಂದ ಬೆಳಗ್ಗೆ ಎದ್ದು ಮುಖ ತೊಳಿಯೋಕೆ ಮುಂಚೆನೇ ಒಂದು 90 ಬೇಕು, ಇಲ್ಲಾಂದ್ರೆ ಕೈ ನಡುಗಿ ಕಾಫಿ ಲೋಟನೂ ಹಿಡಿಯೋಕಾಗಲ್ಲ. ಅತ್ತೆ ಇವರ ಕಾಟ ತಡೀಲಾರ್ದೆ ಈ ಸಲ ಅಯ್ಯಪ್ಪನ ಮಾಲೆ ಹಾಕ್ಸಿದ್ರು, 41 ದಿನ ಮುಟ್ಟಂಗಿಲ್ಲ, ಮಾವನೂ ಒಪ್ಕೊಂಡು ಭಾನುವಾರ ಬೆಳಗ್ಗೆಯಿಂದ ಪೂರ್ತಿ ನಿಲ್ಸಿದ್ರು.

ಮೊದಲ ದಿನ ಬರೀ ಬೆವರು, ವಾಂತಿ, ನಡುಕ. ಎರಡನೇ ದಿನ ಇಲ್ಲೇ ಒಂದು ಕ್ಲಿನಿಕ್ಕಲ್ಲಿ ಸುಸ್ತು ಅಂತ ಗ್ಲೂಕೋಸ್ ಹಾಕಿ ಕಳಿಸಿದ್ರು. ರಾತ್ರಿ ನಿದ್ದೆನೇ ಇಲ್ಲ. ಇವತ್ತು ಸಂಜೆಯಿಂದ ಬೇರೆನೇ ಆಗೋಗಿದೆ, ಗೋಡೆ ತುಂಬಾ ಇರುವೆ ಹರೀತಿದೆ ಅಂತಾರೆ, ಹೊದಿಕೆ ಮೇಲಿಂದ ಏನೋ ಕಿತ್ತು ಕಿತ್ತು ಬಿಸಾಡ್ತಾರೆ, ನನ್ನನ್ನ ನೋಡಿ ಮಂಡಿ ಸಾಹುಕಾರ್ರು ಅಂದ್ಕೊಂಡು ಮಾತಾಡಿಸ್ತಾರೆ. ಆಮೇಲೆ ಹಾಸಿಗೆ ಮೇಲೆ ಕೂತ್ಕೊಂಡು ಎರಡೂ ಕೈಯಲ್ಲಿ ಗಾಳಿಲೇ ಕಾಯಿ ಸುಲೀತಿದಾರೆ, ಬಾಯಲ್ಲಿ ಲೆಕ್ಕ ಬೇರೆ. ನಾನು ಕೇಳಿಸ್ಕೊಂಡಂಗೆ ಎಂಟುನೂರು ದಾಟಿದೆ.

ಅಜ್ಜಿ ಗಾಳಿ ಸೋಕಿದೆ ಅಂತ ನಿಂಬೆಹಣ್ಣು ಮಂತ್ರಿಸೋಕೆ ಕಳ್ಸಿದಾರೆ, ಪಕ್ಕದ ಮನೆಯವ್ರು ಸ್ವಾಮಿನೇ ಮೈಮೇಲೆ ಬಂದಿರೋದು ಅಂತಿದಾರೆ. ನಂಗೆ ಎರಡೂ ನಂಬಿಕೆ ಬರ್ತಿಲ್ಲ. ಯಾರಿಗಾದ್ರೂ ಹಿಂಗಾಗಿರೋದು ಗೊತ್ತಾ? ಬೆಳಗ್ಗೆವರೆಗೂ ಕಾಯಬಹುದಾ?

ಸುಮ್ನೆ_ಒಬ್ಬ (11:52)

ಗುರುಸ್ವಾಮಿನ ಕೇಳಿ ಮೊದ್ಲು. ವ್ರತದಲ್ಲಿ ಏನೋ ಲೋಪ ಆಗಿರಬಹುದು.

ವಾರ್ಡಕ್ಕ (12:05)

ಕಾಯಬೇಡಿ. ಈಗ್ಲೇ 108ಕ್ಕೆ ಫೋನ್ ಮಾಡಿ ಇಲ್ಲಾ ಯಾರದಾದ್ರೂ ಕಾರಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಮಿಕ್ಕಿದ್ದು ದಾರಿಲಿ ಓದ್ಕೊಳ್ಳಿ. ನಾನು ಹನ್ನೊಂದು ವರ್ಷದಿಂದ ನರ್ಸು, ಅದರಲ್ಲಿ ಆರು ವರ್ಷ ಡಿಅಡಿಕ್ಷನ್ ವಾರ್ಡು. ನೀವು ಬರ್ದಿರೋದು ಓದಿದ್ರೆ ಡೆಲಿರಿಯಂ ಟ್ರೆಮೆನ್ಸ್ ತರ ಇದೆ, ದಿನಾ ಕುಡಿಯೋರು ಏಕ್‌ದಂ ಬಿಟ್ಟಾಗ ತಲೆ ಕೆಟ್ಟು ಇಲ್ಲದ್ದೆಲ್ಲಾ ಕಾಣೋದು, ನಾವು ಡಿಟಿ ಅಂತೀವಿ. ಇದರಲ್ಲಿ ಜೀವ ಹೋಗುತ್ತೆ, ಹೆದರಿಸೋಕೆ ಹೇಳ್ತಿಲ್ಲ. ಟೈಮಿಗೆ ಚಿಕಿತ್ಸೆ ಸಿಕ್ಕಿದ್ರೆ ಬಹುತೇಕ ಎಲ್ರೂ ಉಳೀತಾರೆ.

ಅಲ್ಲಿ ಹೋದ ತಕ್ಷಣ ಡಾಕ್ಟ್ರಿಗೆ ಎಷ್ಟು ವರ್ಷದಿಂದ ಕುಡೀತಿದ್ರು, ದಿನಕ್ಕೆ ಎಷ್ಟು, ಕೊನೇ ಪೆಗ್ ಯಾವಾಗ, ಇದು ಮೂರೂ ನಾಚ್ಕೊಳ್ದೆ ಹೇಳಿ. ಮನೆಯವ್ರು ಮರ್ಯಾದೆಗೆ ಅಂಜಿ ಇದನ್ನೇ ಮುಚ್ಚಿಡೋದು. ಕಾಲು ಮುರ್ಕೊಂಡು ಆರ್ಥೋ ವಾರ್ಡಿಗೆ ಬಂದವರು ಮೂರನೇ ದಿನಕ್ಕೆ ಡ್ರಿಪ್ ಕಿತ್ತು ಓಡೋದು ನಾನೇ ಎಷ್ಟು ನೋಡಿದೀನಿ, ಕೇಳಿದ್ರೆ "ಇಲ್ಲಮ್ಮ, ಹಬ್ಬಕ್ಕೆ ಸ್ವಲ್ಪ" ಅಂತಾರೆ. ಇನ್ನೊಂದು, ಗ್ಲೂಕೋಸ್ ಹಾಕಿದ್ರು ಅನ್ನೋದನ್ನೂ ಹೇಳಿ. ಜಾಸ್ತಿ ಕುಡಿಯೋರು ಊಟ ಬಿಟ್ಟಿರ್ತಾರೆ, ತಿಂದಿದ್ದರಲ್ಲಿರೋ ಬಿ1 ವಿಟಮಿನ್ನೂ ಎಣ್ಣೆಯಿಂದ ಮೈಗೆ ಹತ್ತಲ್ಲ. ಆ ಬಿ1 ಇಂಜೆಕ್ಷನ್ ಕೊಡದೆ ಬರೀ ಗ್ಲೂಕೋಸ್ ಹಾಕಿದ್ರೆ ಇದ್ದ ಚೂರು ಬಿ1 ಕೂಡ ಖರ್ಚಾಗಿ ಮೆದುಳಿಗೆ ಏಟು ಬೀಳಬಹುದು, ಕಣ್ಣಾಲಿ ಸರಿಯಾಗಿ ತಿರುಗಲ್ಲ, ನಡೆದ್ರೆ ತೂರಾಡ್ತಾರೆ, ಆಮೇಲೆ ಕೆಲವರಿಗೆ ಹೊಸದೇನೂ ನೆನಪಲ್ಲಿ ನಿಲ್ಲೋದೇ ಇಲ್ಲ.

ತಿಪಟೂರ್‌ಹುಡ್ಗ (12:11)

ಗಾಡಿ ಸಿಕ್ತು ಅಕ್ಕ, ಹೊರಟ್ವಿ.

ಮೆಜೆಸ್ಟಿಕ್_ಮಂಜ (12:30)

ಅಯ್ಯೋ ದೇವ್ರೆ. ಹಿಂಗೆಲ್ಲಾ ಡ್ರಗ್ಸ್ ತಗೊಳ್ಳೋರಿಗೆ ಆಗುತ್ತೆ ಅಂತ ಕೇಳಿದ್ದೆ, ಎಣ್ಣೆಗೂ ಆಗುತ್ತಾ? ಮತ್ತೆ ಕುಡಿದಾಗ ಆಗದೇ ಇರೋದು ಬಿಟ್ಟಾಗ ಯಾಕೆ ಆಗ್ಬೇಕು, ನಂಗದೇ ಅರ್ಥ ಆಗ್ತಿಲ್ಲ.

ವಾರ್ಡಕ್ಕ (12:58)

ಎಣ್ಣೆನೂ ಡ್ರಗ್ಗೇ ಕಣಪ್ಪ, ಲೈಸೆನ್ಸ್ ಇದೆ ಅಷ್ಟೇ. ಒಂದು ಕ್ವಾರ್ಟರಲ್ಲಿ ಹೆಚ್ಚುಕಮ್ಮಿ 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ.

ಹಗ್ಗ ಜಗ್ಗಾಟ ನೋಡಿದೀಯಲ್ಲ ಊರಲ್ಲಿ? ನಮ್ಮ ಮೆದುಳಲ್ಲಿ ಗಾಬಾ ಅಂತ ಒಂದಿದೆ, ಅದು ನರಗಳನ್ನ ಸುಮ್ನಿರಿಸೋದು. ಗ್ಲುಟಮೇಟ್ ಅಂತ ಇನ್ನೊಂದಿದೆ, ಅದು ಎಬ್ಬಿಸೋದು. ಎಣ್ಣೆ ಗಾಬಾ ಕಡೆ ಸೇರ್ಕೊಂಡು ಎಳೆಯುತ್ತೆ, ಅದಕ್ಕೇ ಕುಡಿದಾಗ ಮೈ ಸಡಿಲ, ಮಾತು ತೊದಲು, ನಿದ್ದೆ. ದಿನಾ ಹಿಂಗೇ ಎಳೀತಾ ಇದ್ರೆ ಮೆದುಳು ಸುಮ್ನಿರುತ್ತಾ, ತಾನು ಎಚ್ಚರ ಇರ್ಬೇಕಲ್ಲ, ಗ್ಲುಟಮೇಟ್ ಕಡೆ ಹಗ್ಗಕ್ಕೆ ಇನ್ನೂ ನಾಲ್ಕು ಜನ ಸೇರಿಸುತ್ತೆ, ವರ್ಷ ಕಳೆದಂಗೆ ಇನ್ನೂ ಹತ್ತು ಜನ. ಅದಕ್ಕೇ ಮೊದಲು ಒಂದು 90ಕ್ಕೆ ಕಿಕ್ ಹೊಡೀತಿದ್ದೋನಿಗೆ ಆಮೇಲೆ ಎರಡು ಕ್ವಾರ್ಟರ್ ಹಾಕಿದ್ರೂ ಏನೂ ಆಗಲ್ಲ. ಅದನ್ನೇ ಜನ "ಅವ್ನ ಕೆಪ್ಯಾಸಿಟಿ ಜಾಸ್ತಿ" ಅಂತ ಹೊಗಳೋದು. ಈಗ ಒಂದಿನ ಬೆಳಗ್ಗೆ ಎಣ್ಣೆ ಹಗ್ಗ ಕೈ ಬಿಟ್ಬಿಡ್ತು ಅಂದ್ಕೋ. ಈ ಕಡೆಯವರೆಲ್ಲಾ ಒಟ್ಟಿಗೆ ಬೆನ್ನ ಹಿಂದಕ್ಕೆ ಬೀಳ್ತಾರೆ. ಆ ಬೀಳೋದೇ ನಡುಕ, ಬೆವರು, ಎದೆ ಬಡಿತ, ಬಿಪಿ ಏರೋದು.

ಅದಕ್ಕೆ ಟೈಮ್ ಟೇಬಲ್ ಕೂಡ ಇದೆ. ನಡುಕ ಸಾಮಾನ್ಯವಾಗಿ ಕೊನೇ ಪೆಗ್ ಆಗಿ 6-8 ಗಂಟೆಗೇ ಶುರು, ಬೆಳಗ್ಗೆ ಕೈ ನಡುಗೋದು ಇದೇ, ರಾತ್ರಿ ಇಡೀ ಕುಡೀದೆ ಮಲಗಿರ್ತಾರಲ್ಲ. ಫಿಟ್ಸ್ ಬರೋದಾದ್ರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಡಿಟಿ ಎರಡರಿಂದ ನಾಲ್ಕನೇ ದಿನ. ಯಾವ ದಿನ, ಯಾವ ಜಾಗ ಗೊತ್ತಾಗಲ್ಲ, ಹುಳ, ಹಾವು, ಇಲಿ ಕಾಣುತ್ತೆ. ಮತ್ತೆ ಕೈ ಅಭ್ಯಾಸದ ಕೆಲಸ ಮಾಡುತ್ತೆ, ಇದೊಂದನ್ನ ನೋಡಿದ್ರೆ ನಂಗೆ ಇವತ್ತಿಗೂ ಹೊಟ್ಟೆ ಕಿವುಚುತ್ತೆ. ಟೈಲರ್ ಒಬ್ರು ಬೆಡ್‌ಶೀಟ್ ಅಂಚು ಹಿಡ್ಕೊಂಡು ರಾತ್ರಿಯೆಲ್ಲಾ ಹೊಲಿದ್ರು, ಕಂಡಕ್ಟರ್ ಒಬ್ರು ನಂಗೇ ಟಿಕೆಟ್ ಹರ್ದು ಕೊಟ್ಟು ಚಿಲ್ಲರೆ ಕೇಳಿದ್ರು. ಕಾಯಿ ಸುಲಿಯೋದು ಓದಿದ ತಕ್ಷಣ ನಂಗೆ ಗೊತ್ತಾಯ್ತು.

ಬ್ರೌನ್ ಶುಗರ್, ಅಂದ್ರೆ ಕಲಬೆರಕೆ ಹೆರಾಯಿನ್, ಬಿಟ್ಟೋರಿಗೆ ಮೈಕೈ ನೋವು, ಭೇದಿ, ಆಕಳಿಕೆ, ಕಣ್ಣಲ್ಲಿ ನೀರು, ನರಕನೇ, ಆದ್ರೆ ಬಿಡೋದರಿಂದ ಸಾಯೋದು ಅಪರೂಪ. ಅವರಿಗೆ ಅಪಾಯ ಬೇರೆ ಕಡೆ, ಉಸಿರು ನಿಲ್ಲೋದು, ಅದರಲ್ಲೂ ಸ್ವಲ್ಪ ದಿನ ಬಿಟ್ಟು ಮತ್ತೆ ಹಳೇ ಡೋಸೇ ತಗೊಂಡ್ರೆ. ಎಣ್ಣೆ, ನಿದ್ದೆ ಮಾತ್ರೆ, ಇವೆರಡು ಮಾತ್ರ ತುಂಬಾ ದಿನ ತಗೊಂಡು ಏಕ್‌ದಂ ನಿಲ್ಸಿದ್ರೆ ಜೀವಕ್ಕೇ ಬರುತ್ತೆ.

ಸಾಧನಕೇರಿ_ಸಂಗ್ಯಾ (ಮರುದಿನ ಬೆಳಗ್ಗೆ 7:20)

ತಮ್ಮಾ, ಮಾವ ಹೆಂಗದಾರ? ನಂದೂ ಹಿಂಗ ಆಗಿತ್ತು. 2020ರ ಮಾರ್ಚ್‌ದಾಗ ಲಾಕ್‌ಡೌನ್ ಬಿತ್ತಲ್ಲ, ಬಾರ್, ವೈನ್‌ಶಾಪ್ ಎಲ್ಲಾ ಬಂದ್, ಮೇ 4ಕ್ಕ ವೈನ್‌ಶಾಪ್ ತೆರದ್ರು. ನನಗ ಎರಡನೇ ದಿನಕ್ಕೇ ಫಿಟ್ಸ್ ಬಂದು ನಾಲಗಿ ಕಚ್ಕೊಂಡು ಬಿದ್ದಿದ್ದೆ, ಧಾರವಾಡದ ಡಿಮ್ಹಾನ್ಸ್‌ಗೆ, ಅದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ, ಒಯ್ದ್ರು. ಆವಾಗ ಏನೇನ್ ಕಂಡೇನಿ ಅಂತ ನನಗ ಅರ್ಧಾನೂ ನೆನಪಿಲ್ಲ, ನಮ್ಮಾಕಿ ಹೇಳ್ತಾಳ.

ಆದ್ರ ಖರೇ ಹೇಳ್ತೀನಿ, ಆ ವಾರ ದೊಡ್ಡದಲ್ಲ. ಅದಕ್ಕ ಔಷಧ ಐತಿ, ಸೂಜಿ ಚುಚ್ತಾರ, ನಿದ್ದಿ ಬರ್ತೈತಿ, ಮುಗೀತು. ಅದರ ಮುಂದಿನ ವರ್ಷ ಐತಲ್ಲ, ಅದು ದೊಡ್ಡದು. ಹೋಳಿಗಿ ತಿಂದ್ರ ಸಪ್ಪನ್ನ ಸಪ್ಪ, ಮಗಳು ಫಸ್ಟ್ ಕ್ಲಾಸ್ ಬಂದಾಳ ಅಂದ್ರ "ಹ್ಞಾ" ಅಂದು ಗ್ವಾಡಿ ನೋಡ್ಕೋತ ಕುಂತಿದ್ದೆ. ಡಾಕ್ಟ್ರು ಅಂದ್ರು, ಖುಷಿ ಆಗೋ ಮಷೀನ್ ಇಷ್ಟು ವರ್ಷ ಎಣ್ಣಿಗಷ್ಟ ತಿರಗೇತಿ, ಬ್ಯಾರೇದಕ್ಕ ತಿರಗೂದು ಮರತೈತಿ, ತಿಂಗಳಾನಗಟ್ಲೆ ಬೇಕು ಅಂತ. ಕುಡ್ಯಾಕ ಮನಸ್ಸೇ ಇಲ್ದಾಗೂ ಶನಿವಾರ ಬಟವಡೆ ಕೈಗೆ ಬಂತಂದ್ರ ಕಾಲು ತಾವಾ ಆ ಓಣಿಗೆ ಹೊಳ್ಳತಿದ್ವು. ಕಾಲು ನಂದೋ ಮಂದೀದೋ ತಿಳೀತಿರ್ಲಿಲ್ಲ. ಕಡೀಕ ಪಗಾರ ಸೀದಾ ನಮ್ಮಾಕಿ ಅಕೌಂಟಿಗೆ ಹಾಕ್ರಿ ಅಂತ ಸಾಹುಕಾರಗ ಹೇಳಿದೆ, ದಾರೀನೂ ಬದಲ ಮಾಡಿದೆ, ಎರಡು ಕಿಲೋಮೀಟರ್ ಸುತ್ತು ಆಗ್ತೈತಿ.

ಇನ್ನೊಂದು ನಾಚಿಗಿ ಬಿಟ್ಟು ಹೇಳ್ತೀನಿ. ಕುಡಿಯೋ ಕಾಲಕ್ಕ ನಮ್ಮಾಕಿ ಮ್ಯಾಲ ಇಲ್ದ ಸಂಶೆ. ಹಾಲಿನವ, ಪೇಪರಿನವ, ಯಾರನ್ನೂ ಬಿಡಲಿಲ್ಲ. ಅದೂ ಈ ಜಡ್ಡಿನಾಗ ಬರ್ತೈತಂತ. ಆಕಿಗೆ ಅದನ್ನ ಡಾಕ್ಟ್ರ ಬಾಯಿಂದ ಕೇಳಿದ ಮ್ಯಾಲ ಸ್ವಲ್ಪ ಸಮಾಧಾನ ಆತು, ಪೂರ್ತಿ ಅಲ್ಲ.

ಗಿರಿ_ಟ್ರೇಡರ್ಸ್ (9:02)

ಇಷ್ಟೆಲ್ಲಾ ಯಾಕೆ, ಆನ್‌ಲೈನಲ್ಲಿ ಕುಡಿತ ಬಿಡಿಸೋ ಪುಡಿ ಸಿಗುತ್ತೆ, ಸಾರಿನಲ್ಲಿ ಗೊತ್ತಾಗ್ದಂಗೆ ಬೆರೆಸಿ ಕೊಟ್ರೆ ಆಯ್ತು. ನಮ್ಮ ಪರಿಚಯದವರೊಬ್ರು ಹಂಗೇ ಬಿಟ್ಟಿದಾರೆ.

ವಾರ್ಡಕ್ಕ (9:15)

ದಯವಿಟ್ಟು ಬೇಡ. ಆ ಪುಡಿಯಲ್ಲಿ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಡೈಸಲ್ಫಿರಾಮ್ ಇದ್ರಂತೂ ಇನ್ನೂ ಕಷ್ಟ. ಅದು ಡಾಕ್ಟ್ರು ಕೊಡೋ ನಿಜವಾದ ಔಷಧನೇ, ಆದ್ರೆ ತಗೊಳ್ಳೋನಿಗೆ ಗೊತ್ತಿರ್ಬೇಕು. ಎಣ್ಣೆ ಲಿವರಲ್ಲಿ ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗಿ ಆಮೇಲೆ ಕರಗುತ್ತೆ, ಈ ಮಾತ್ರೆ ಆ ಕರಗೋದನ್ನ ತಡೆಯುತ್ತೆ. ಗೊತ್ತಿಲ್ದೆ ಅದರ ಮೇಲೆ ಕುಡಿದ್ರೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ಬಿಪಿ ಬಿದ್ದು ಸತ್ತೇ ಹೋಗಬಹುದು. ಮನೆಯವ್ರು ಊಟದಲ್ಲಿ ಹಾಕಿದ್ರು ಅಂತ ಆಮೇಲೆ ಗೊತ್ತಾದ್ರೆ ಅವನು ಮನೆ ಊಟ ಮಾಡೋದನ್ನೇ ಬಿಡ್ತಾನೆ, ಅದನ್ನೂ ನೋಡಿದೀನಿ. ಆಸೆ ಕಮ್ಮಿ ಮಾಡೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬೇರೆ ಮಾತ್ರೆ ಇದಾವೆ, ಲಿವರ್, ಕಿಡ್ನಿ ಟೆಸ್ಟ್ ನೋಡಿ ಕೊಡ್ತಾರೆ. ಲಿವರ್ ಹಾಳಾಗ್ತಿದ್ರೂ ಬೇಗ ನೋವಾಗಲ್ಲ, ಹೊಟ್ಟೆಗೆ ನೀರು ತುಂಬೋವರೆಗೂ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಕುಂದಾಪುರ_ಕಡಲು (10:40)

ಮಾರಾಯ್ರೆ, ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಉಂಟಲ್ಲ, ನನ್ನ ಚಿಕ್ಕಪ್ಪ ಅದರಲ್ಲೇ ಬಿಟ್ಟದ್ದು. ಆದ್ರೆ ಇಂಥ ಸ್ಥಿತಿಯಲ್ಲಿ ಅಲ್ಲ, ಮೊದಲು ಆಸ್ಪತ್ರೆ, ಮೈ ಸರಿಯಾದ ಮೇಲೆ ಶಿಬಿರ. ರಾತ್ರಿ ಹೊತ್ತು ಯಾರಿಗೆ ಕೇಳೋದು ಅಂತ ಗೊತ್ತಾಗದಿದ್ರೆ 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ತಿಪಟೂರ್‌ಹುಡ್ಗ (ಎಂಟು ದಿನ ಆದ್ಮೇಲೆ)

ಲೇಟಾಯ್ತು ಕ್ಷಮಿಸಿ. ಅವತ್ತು ರಾತ್ರಿನೇ ಐಸಿಯುಗೆ ಹಾಕಿದ್ರು, ವಾರ್ಡಕ್ಕ ಹೇಳಿದ್ದು ಮೂರೂ ಹೇಳ್ದೆ, ಬಿ1 ಅಂದಾಗ ಡ್ಯೂಟಿ ಡಾಕ್ಟ್ರು ನೀವೇನ್ ಓದಿರೋದು ಅಂದ್ರು, ಐಟಿಐ ಸಾರ್ ಅಂದೆ. ಲೊರಾಜಿಪಾಮ್ ಅಂತ ನರ ಸುಮ್ನಿರಿಸೋ ಔಷಧ ಕೊಟ್ಟು ಕೊಟ್ಟು ಇಟ್ಕೊಂಡಿದ್ರು, ಮೂರು ದಿನಕ್ಕೆ ಜನ ಗುರುತು ಹಿಡಿದ್ರು. ಲಿವರ್ ಊದಿದೆಯಂತೆ, ಇನ್ನೂ ಗಟ್ಟಿಯಾಗಿಲ್ಲ, ಈಗ ನಿಲ್ಸಿದ್ರೆ ಸುಧಾರಿಸುತ್ತೆ ಅಂದಿದಾರೆ. ಮಾವ ಒಂದು ವರ್ಷದಿಂದ ಪಾದ ಉರಿ ಉರಿ ಅಂತಿದ್ರು, ನಾವು ಉಷ್ಣ ಅಂತ ಹರಳೆಣ್ಣೆ ಹಚ್ತಿದ್ವಿ, ಅದೂ ಇದರದ್ದೇ ಅಂತೆ, ನರ ಹಾಳಾಗಿರೋದು.

ಗುರುಸ್ವಾಮಿಗೆ ಹೆದರ್ಕೊಂಡೇ ಫೋನ್ ಮಾಡಿದ್ದೆ. ಅವ್ರು "ಮಾಲೆ ತೆಗೆದು ದೇವರ ಮನೇಲಿಡಿ, ಮುಂದಿನ ವರ್ಷ ಒಂದು ತಿಂಗಳು ಮುಂಚೆನೇ ಡಾಕ್ಟ್ರ ಹತ್ರ ತೋರಿಸ್ಕೊಂಡು ಬರ್ಲಿ, ನಂಗೆ ಮೊದ್ಲೇ ಹೇಳಿದ್ರೆ ನಾನೇ ಕಳಿಸ್ತಿದ್ದೆ" ಅಂದ್ರು. ನಿಂಬೆಹಣ್ಣು ಅಜ್ಜಿ ದಿಂಬಿನ ಕೆಳಗೆ ಇಟ್ಟೇ ಇದಾರೆ, ಇರ್ಲಿ ಬಿಡಿ ಅಂತ ಸುಮ್ನಾದೆ. ಸಂಗಣ್ಣ, ಬಟವಾಡೆ ದುಡ್ಡಿನ ವಿಚಾರ ಅತ್ತೆಗೆ ಓದಿ ಹೇಳ್ದೆ, ಸಾಹುಕಾರ್ರ ಹತ್ರ ಮಾತಾಡ್ತಾರಂತೆ.

ನಿನ್ನೆ ಮನೆಗೆ ಬಂದ್ರು. ಕಾಫಿ ಲೋಟ ಒಂದೇ ಕೈಯಲ್ಲಿ ಹಿಡಿದ್ರು. ಅವತ್ತು ರಾತ್ರಿ ನೀನು ಎಂಟುನೂರು ಕಾಯಿ ಸುಲಿದೆ ಗೊತ್ತಾ ಮಾವ ಅಂದೆ. ಏನೂ ನೆನಪಿಲ್ಲ, ಸುಮಾರು ಹೊತ್ತು ಸುಮ್ನೆ ಕೂತಿದ್ದು, ಅದರ ಕೂಲಿ ಯಾರು ಕೊಟ್ರೋ ಅಂತ ಕೇಳಿದ್ರು.