ಅಪ್‌ಡೇಟ್: 29ಕ್ಕೆ ಹಲ್ಲಿಗೆ ಕ್ಲಿಪ್ ಹಾಕಿಸಿದೆ

ಈ ಪ್ರಾಯದಲ್ಲಿ ಕ್ಲಿಪ್ ಹಾಕಿಸಿದರೆ ಊಟ, ಮಾತು ಎಲ್ಲ ಕಷ್ಟವಾ ಅಂತ ಕೇಳಿದ್ದೆನಲ್ಲ, ಹಾಕಿಸಿ ಎಂಟು ತಿಂಗಳಾಯ್ತು. ಮೊದಲ ವಾರ ಗಂಜಿಯೇ ಗತಿ. ತಂತಿ ಕೆನ್ನೆಯ ಒಳಗೆ ಗೀರಿ ಹುಣ್ಣಾಗಿತ್ತು. ಡಾಕ್ಟ್ರು ಕೊಟ್ಟ ಮೇಣವನ್ನು ಸಣ್ಣ ಉಂಡೆ ಮಾಡಿ ತಂತಿಯ ಮೇಲೆ ಒತ್ತಿದ ನಂತರವೇ ನಿದ್ದೆ ಬಂದದ್ದು. ಈಗ ತಿಂಗಳಿಗೊಮ್ಮೆ ಉಡುಪಿಯಿಂದ ಮಂಗಳೂರಿಗೆ ಹೋಗಿ ತಂತಿ ಬಿಗಿ ಮಾಡಿಸುವುದು, ಎರಡು ದಿನ ನೋವು, ಮತ್ತೆ ಎಂತದ್ದೂ ಇಲ್ಲ.

ಕೋರಿ ರೊಟ್ಟಿ (ಕೋಳಿ ಸಾರಿನ ಜೊತೆ ತಿನ್ನುವ ಗರಿಗರಿ ಅಕ್ಕಿ ರೊಟ್ಟಿ) ಮಾತ್ರ ಬಿಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ! ಸಾರಲ್ಲಿ ಪೂರ್ತಿ ನೆನೆದು ಮೆತ್ತಗಾಗುವವರೆಗೆ ಕಾಯುವುದು. ಒಮ್ಮೆ ಆತುರ ಮಾಡಿ, ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್ ಒಂದು ಕಿತ್ತು ಬಂದು ಬೈಗುಳ ತಿಂದದ್ದೂ ಉಂಟು.

ಮೊನ್ನೆ ಅಣ್ಣನ ಮಗಳ ನಾಮಕರಣದ ಫೋಟೋದಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿದ್ದೇನೆ. ಅಮ್ಮನೇ ಮೊದಲು ಗಮನಿಸಿದ್ದು. ಕ್ಲಿಪ್ ತೆಗೆದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೈನರ್ ಹಾಕ್ಬೇಕಂತೆ, ಇಲ್ಲದಿದ್ದರೆ ಹಲ್ಲು ಹಳೇ ಜಾಗಕ್ಕೇ ಸರಿಯುತ್ತದಂತೆ. ಇದನ್ನು ಮೊದಲೇ ಹೇಳ್ಬಾರ್ದಿತ್ತಾ!