ಅಪ್‌ಡೇಟ್: ಎಡಿನ್‌ಬರೋ ಫ್ರಿಂಜ್‌ಗೆ ಹೋಗಿ ಬಂದೆವು

ನಾಲ್ಕು ಜನ ಗೆಳೆಯರು ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆಯುವ ನಾಟಕ, ಹಾಸ್ಯಗಳ ದೊಡ್ಡ ಉತ್ಸವ ಫ್ರಿಂಜ್‌ಗೆ ಹೊರಟಿದ್ದೇವೆ, ಟಿಕೆಟ್ ಎಲ್ಲ ಮೊದಲೇ ತಗೊಳ್ಳಬೇಕಾ ಅಂತ ಕೇಳಿದ್ದೆ. "ದಿನಕ್ಕೆ ಒಂದೇ ಬುಕ್ ಮಾಡಿ, ಉಳಿದದ್ದು ಅಲ್ಲೇ ನೋಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಹಾಗೇ ಮಾಡಿದೆವು.

ಶನಿವಾರ ರಾಯಲ್ ಮೈಲ್ ಬೀದಿಯಲ್ಲೇ ಅರ್ಧ ದಿನ ಕಳೆಯಿತು. ಹೆಜ್ಜೆಗೊಬ್ಬರು ಕರಪತ್ರ ಕೊಡುತ್ತಾರೆ. ಎಷ್ಟೋ ಸಲ ಕೊಡುವವರೇ ಕಲಾವಿದರು. ಎರಡು ನಿಮಿಷ ಮಾತಾಡಿದರೆ ಶೋ ನಮಗೆ ಹಿಡಿಸುತ್ತಾ ಅಂತ ಗೊತ್ತಾಗುತ್ತದೆ. ಹಾಗೆ ಸಿಕ್ಕಿದ ಒಂದು ಶೋ ಪಬ್‌ನ ನೆಲಮಾಳಿಗೆಯಲ್ಲಿತ್ತು. ಇಪ್ಪತ್ತು ಜನರ ಮುಂದೆ ಒಬ್ಬಾಕೆ ತನ್ನ ಅಜ್ಜಿಯ ಕಥೆ ಹೇಳಿ ಒಂದು ಗಂಟೆ ನಗಿಸಿದರು. ಕೊನೆಯಲ್ಲಿ ನಾವೆಲ್ಲ ಅತ್ತೆವು. ಎರಡು ದಿನದಲ್ಲಿ ನನಗೆ ಅದೇ ಬೆಸ್ಟ್. ಇಂಥ ಕಡೆ ಪ್ರವೇಶ ಉಚಿತ, ಹೊರಡುವಾಗ ದುಡ್ಡು ಹಾಕಲು ಬಕೆಟ್ ಒಡ್ಡುತ್ತಾರೆ. ದಯವಿಟ್ಟು ಧಾರಾಳವಾಗಿ ಹಾಕಿ, ಅವರ ಸಂಪಾದನೆ ಅದೇ ಅಲ್ವಾ?

1947ರಲ್ಲಿ ಎಡಿನ್‌ಬರೋ ಅಂತರರಾಷ್ಟ್ರೀಯ ಉತ್ಸವಕ್ಕೆ ಕರೆಯದೇ ಬಂದ 8 ನಾಟಕ ತಂಡಗಳಿಂದ ಫ್ರಿಂಜ್ ಶುರುವಾಯಿತು. ಈಗಲೂ ಆಯ್ಕೆ ಸಮಿತಿ ಇಲ್ಲ, ಯಾರು ಬೇಕಾದರೂ ಬಂದು ಆಡಬಹುದು. ನನಗೆ ಜಾಸ್ತಿ ಇಷ್ಟವಾದದ್ದು ಇದು.

ಎರಡು ಶೋಗಳ ನಡುವೆ ಒಂದು ಗಂಟೆಯಾದರೂ ಬಿಡಿ. ಏರು ರಸ್ತೆ, ಮೆಟ್ಟಿಲು, ಜನಜಂಗುಳಿ. ಭಾನುವಾರ ತಡವಾಗಿ ಒಂದು ಶೋ ತಪ್ಪಿತು. ಆ ಹೊತ್ತಲ್ಲಿ 251 ಮೀಟರಿನ ಆರ್ಥರ್ಸ್ ಸೀಟ್ ಗುಡ್ಡ ಹತ್ತಿದೆವು. ಮಳೆ ಜಾಕೆಟ್ ಮರೆಯಬೇಡಿ.